ಹಲ್ಲಿನ ತಿರುಳಿಗೆ ಸುಣ್ಣ, ಸಿಮೆಂಟು

ಆಡುವಾಗ ಬಿದ್ದು ಮುಂಬಲ್ಲಿನ ತುದಿ ಮುರಿದುಕೊಂಡ ಮಕ್ಕಳು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಮುರಿದ ಜಾಗದಲ್ಲಿ ಕೆಂಪು ಚುಕ್ಕೆಯೊಂದು ಕಂಡರೆ ಅದು ಹಲ್ಲಿನ ತಿರುಳು. ರಕ್ತನಾಳ, ನರಗಳಿರುವ ಮೃದು ಅಂಗಾಂಶ. ಶಾಶ್ವತ ಹಲ್ಲು ವಸಡಿನಿಂದ ಹೊರಬಂದಾಗ ಅದರ ಬೇರು ಇನ್ನೂ ಅಪೂರ್ಣ. ಬೇರಿನ ಗೋಡೆ ತೆಳು, ತುದಿ ಆಲಿಕೆಯಂತೆ ತೆರೆದಿರುತ್ತದೆ. ಅದು ಪೂರ್ಣಗೊಳ್ಳಲು ಸುಮಾರು 3 ವರ್ಷ ಬೇಕು. ಅಷ್ಟರಲ್ಲಿ ತಿರುಳು ಸತ್ತರೆ ಬೆಳವಣಿಗೆ ಅಲ್ಲಿಗೇ ನಿಂತು, ತೆಳು ಗೋಡೆಯ ಕೊಳವೆಯೊಂದು ಉಳಿಯುತ್ತದೆ. ಅಡ್ಡ ಬಲಕ್ಕೆ ಅಂಥ ಕೊಳವೆ ಎಷ್ಟು ಸುಲಭವಾಗಿ ಮುರಿಯುತ್ತದೆಂದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಬೇಕಿಲ್ಲ.

ತಿರುಳನ್ನು ಉಳಿಸುವ ಪ್ರಯತ್ನ ಹಳೆಯದು. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್‌ನ ದಂತವೈದ್ಯ ಫಿಲಿಪ್ ಫಾಫ್ 1756ರಲ್ಲಿಯೇ ತೆರೆದ ತಿರುಳಿನ ಮೇಲೆ ಚಿನ್ನದ ತೆಳು ತಗಡನ್ನು ಮುಚ್ಚುವ ಕ್ರಮವನ್ನು ವಿವರಿಸಿದ. ಆದರೆ ರೋಗಕ್ಕೆ ಸೂಕ್ಷ್ಮಾಣುಗಳು ಕಾರಣವೆಂಬುದೇ ಆಗ ತಿಳಿದಿರಲಿಲ್ಲ. ತೆರೆದ ತಿರುಳು ಸತ್ತಂತೆಯೇ ಎಂಬ ನಂಬಿಕೆ 20ನೆಯ ಶತಮಾನದಲ್ಲೂ ಬಲವಾಗಿತ್ತು.

ಇದನ್ನು ಅಲುಗಿಸಿದ್ದು ಸುಣ್ಣ. ಜರ್ಮನಿಯ ಬರ್ನ್‌ಹಾರ್ಡ್ ಹರ್ಮನ್ 1920ರಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಅಂದರೆ ಅರಳಿದ ಸುಣ್ಣವನ್ನು, ದಂತಚಿಕಿತ್ಸೆಗೆ ತಂದರು. ಅದರ ಕೆಳಗೆ ತಿರುಳು ತಾನೇ ಹೊಸ ಡೆಂಟಿನ್ ಕಟ್ಟಿ ಗಾಯ ಮುಚ್ಚಿಕೊಳ್ಳುವುದನ್ನು 1930ರಲ್ಲಿ ತೋರಿಸಿದರು. (ಎಲೆಯಡಿಕೆಯ ಸುಣ್ಣದಿಂದ ಯಾರೂ ಇದನ್ನು ಪರೀಕ್ಷಿಸಲು ಹೋಗಬಾರದು!)

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಸುಂದರ ಪ್ರಯೋಗ 1965ರದು. ಅಮೆರಿಕದ ಕಾಕೆಹಾಶಿ, ಸ್ಟಾನ್ಲಿ ಮತ್ತು ಫಿಟ್ಜೆರಾಲ್ಡ್ ಇಲಿಗಳ ದವಡೆ ಹಲ್ಲಿಗೆ ತಿರುಳಿನವರೆಗೆ ರಂಧ್ರ ಕೊರೆದು, ಔಷಧಿ ಹಾಕದೆ, ಮುಚ್ಚದೆ ಬಿಟ್ಟರು. ಕೆಲವು ಸಾಮಾನ್ಯ ಇಲಿಗಳು. ಉಳಿದವು ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆದವು. ಸಾಮಾನ್ಯ ಇಲಿಗಳ ತಿರುಳು ಕೊಳೆತು ಸತ್ತಿತು. ಸೂಕ್ಷ್ಮಾಣುರಹಿತ ಇಲಿಗಳಲ್ಲಿ, ರಂಧ್ರದೊಳಗೆ ಆಹಾರದ ಚೂರುಗಳು ತುಂಬಿಕೊಂಡಿದ್ದರೂ, 14ನೆಯ ದಿನದ ಹೊತ್ತಿಗೆ ಡೆಂಟಿನ್ ಸೇತುವೆ ಕಾಣಿಸಿಕೊಂಡು 3-4 ವಾರಗಳಲ್ಲಿ ಪೂರ್ಣವಾಯಿತು. ಕೊಲ್ಲುತ್ತಿದ್ದುದು ಗಾಯವಲ್ಲ, ಸೋಂಕು. ಒಂದೇ ಒಂದು ಅಂಶವನ್ನು ಬದಲಿಸಿ ಉಳಿದುದನ್ನು ಹಾಗೆಯೇ ಇಡುವ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ಸಿಗುವುದು ಕಷ್ಟ.

ಸ್ವೀಡನ್ನಿನ ಮಿಯೊಮಿರ್ ಸ್ವೆಕ್ 1978ರಲ್ಲಿ, ಮುರಿದ 60 ಬಾಚಿಹಲ್ಲುಗಳಲ್ಲಿ ತಿರುಳಿನ ಮೇಲಿನ ಸುಮಾರು 2 ಮಿ.ಮೀ. ಭಾಗವನ್ನಷ್ಟೇ ತೆಗೆದು ಸುಣ್ಣ ಮುಚ್ಚಿದ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡಾ 96ರಷ್ಟು ಹಲ್ಲುಗಳು ಗುಣವಾಗಿದ್ದವು.

ಸುಣ್ಣಕ್ಕೆ ದೋಷವೂ ಇತ್ತು. ಅದು ನಿಧಾನವಾಗಿ ಕರಗಿಹೋಗುತ್ತದೆ. ಕ್ಯಾಲಿಫೋರ್ನಿಯಾದ ಲೋಮ ಲಿಂಡ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ 1990ರ ದಶಕದಲ್ಲಿ ತಂದ ಎಂ.ಟಿ.ಎ. ಎಂಬ ವಸ್ತುವಿನ ಸುಮಾರು ಮುಕ್ಕಾಲು ಭಾಗ ಪೋರ್ಟ್‌ಲ್ಯಾಂಡ್ ಸಿಮೆಂಟು. 1824ರಲ್ಲಿ ಆಸ್ಪ್ಡಿನ್ ಪೇಟೆಂಟ್ ಪಡೆದ ಅದೇ ಸಿಮೆಂಟು! ಅದರ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ನೀರಿನೊಡನೆ ವರ್ತಿಸಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುಗಡೆಯಾಗುತ್ತದೆ. ಹರ್ಮನ್ನರ ಸುಣ್ಣವೇ, ಆದರೆ ಈಗ ಗಟ್ಟಿ ಮುಚ್ಚಳದೊಂದಿಗೆ. ಎಕ್ಸ್-ಕಿರಣ ಚಿತ್ರದಲ್ಲಿ ಎದ್ದು ಕಾಣಲೆಂದು ಇದಕ್ಕೆ ಬಿಸ್ಮತ್ ಆಕ್ಸೈಡ್ ಸೇರಿಸಿದರು. ಪರಮಾಣು ಸಂಖ್ಯೆ 83ರ ಬಿಸ್ಮತ್ ಎಕ್ಸ್-ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ಆದರೆ ಅದೇ ಬಿಸ್ಮತ್ ಮಕ್ಕಳ ಮುಂಬಲ್ಲನ್ನು ಕಪ್ಪಾಗಿಸುವುದು ಕಂಡುಬಂತು. ಮುಂದೆ ಬಂದ ಕೆಲವು ಸಿಲಿಕೇಟ್ ಸಿಮೆಂಟುಗಳಲ್ಲಿ ಅದರ ಸ್ಥಾನವನ್ನು ಜಿರ್ಕೋನಿಯಂ ಆಕ್ಸೈಡ್ ಪಡೆಯಿತು.