ಬೆಳ್ಳಿ ಪೆನ್ನಿ: ಆಂಗ್ಲೋ-ಸ್ಯಾಕ್ಸನ್ ಅರಸರ ನಾಣ್ಯಸಾಕ್ಷ್ಯ

ಇಂಗ್ಲೆಂಡ್ ಒಂದೇ ರಾಜ್ಯವಾಗಿ ರೂಪುಗೊಳ್ಳುವ ಮೊದಲು ಆ ನೆಲವನ್ನು ಮರ್ಸಿಯಾ, ವೆಸೆಕ್ಸ್, ಕೆಂಟ್ ಮುಂತಾದ ಆಂಗ್ಲೋ-ಸ್ಯಾಕ್ಸನ್ ಅರಸೊತ್ತಿಗೆಗಳು ಆಳುತ್ತಿದ್ದವು. ಅವುಗಳ ಪ್ರಮುಖ ನಾಣ್ಯವೇ ಬೆಳ್ಳಿಯ ಪೆನ್ನಿ. ಕ್ರಿ.ಶ. 7ನೇ ಶತಮಾನದ ಉತ್ತರಾರ್ಧದಲ್ಲಿ ಚಿನ್ನದ ನಾಣ್ಯಗಳ ಸ್ಥಾನಕ್ಕೆ ಬಂದ ಮೊದಲ ಪೆನ್ನಿಗಳು ಕಿರಿದಾಗಿಯೂ ದಪ್ಪವಾಗಿಯೂ ಇದ್ದವು. ಬಹುಪಾಲು ನಾಣ್ಯಗಳ ಮೇಲೆ ಅರಸನ ಹೆಸರೇ ಇರಲಿಲ್ಲ. ಬೈಜಾಂಟಿಯಂನ ಬೆಳ್ಳಿ ಪಾತ್ರೆಗಳನ್ನು ಕರಗಿಸಿ ಇವುಗಳನ್ನು ಟಂಕಿಸಿರಬೇಕೆಂದು 2024ರಲ್ಲಿ ಪ್ರಕಟವಾದ ಲೋಹ ವಿಶ್ಲೇಷಣೆ ಸೂಚಿಸಿದೆ.

ಪೆನ್ನಿಗೆ ಸ್ಥಿರ ರೂಪ ಕೊಟ್ಟವರಲ್ಲಿ ಮರ್ಸಿಯಾದ ದೊರೆ ಆಫಾ (757–796) ಪ್ರಮುಖ. ಅವನ ನಾಣ್ಯಗಳು ತೆಳುವಾಗಿ, ಅಗಲವಾಗಿ ಇದ್ದು, ಸುಮಾರು 1.3 ಗ್ರಾಂ ತೂಗುತ್ತಿದ್ದವು. ಅವುಗಳ ಮೇಲೆ ಅರಸನ ಹೆಸರಿನೊಂದಿಗೆ ನಾಣ್ಯವನ್ನು ಟಂಕಿಸಿದವನ ಹೆಸರೂ ಇರುತ್ತಿತ್ತು. ಆಫಾನ ರಾಣಿ ಕಿನೆಥ್ರಿತ್‌ಳ ಹೆಸರಿನಲ್ಲೂ ನಾಣ್ಯಗಳು ಹೊರಬಂದವು. ಇಂಥ ಗೌರವ ಪಡೆದ ಏಕೈಕ ಆಂಗ್ಲೋ-ಸ್ಯಾಕ್ಸನ್ ರಾಣಿ ಆಕೆ. ಒಂದು ಪೌಂಡಿಗೆ 240 ಪೆನ್ನಿ ಎಂಬ ಪ್ರಾಚೀನ ಲೆಕ್ಕ ಬ್ರಿಟನ್ನಿನಲ್ಲಿ 1971ರವರೆಗೂ ಉಳಿದಿತ್ತು.

ನಾಣ್ಯದ ಮೇಲಿನ ಹೆಸರು ಹೊಣೆಗಾರಿಕೆಯ ಗುರುತೂ ಆಗಿತ್ತು. ಕಳಪೆ ನಾಣ್ಯ ಟಂಕಿಸಿ ತಪ್ಪಿತಸ್ಥನೆನಿಸಿದವನ ಕೈ ಕಡಿದು ಟಂಕಸಾಲೆಯ ಮೇಲೆ ಮೊಳೆ ಹೊಡೆಯಬೇಕೆಂದು 10ನೇ ಶತಮಾನದಲ್ಲಿ ದೊರೆ ಅಥೆಲ್‌ಸ್ಟನ್ ಕಾನೂನು ಮಾಡಿದನು. ಸುಮಾರು 973ರಲ್ಲಿ ದೊರೆ ಎಡ್ಗರ್ ಇಡೀ ಇಂಗ್ಲೆಂಡಿಗೆ ಏಕರೂಪದ ಪೆನ್ನಿಯನ್ನು ತಂದನು. ಅಂದಿನಿಂದ ಟಂಕಸಾಲೆಯ ಊರಿನ ಹೆಸರೂ ನಾಣ್ಯದ ಮೇಲೆ ಕಡ್ಡಾಯವಾಯಿತು.

ಬರಹದ ಇತಿಹಾಸವನ್ನು ಪ್ರಶ್ನಿಸುವ ಸಾಕ್ಷಿಯೆಂಬ ಕಾರಣಕ್ಕೂ ಈ ನಾಣ್ಯಗಳಿಗೆ ಮಹತ್ವವಿದೆ. ವೆಸೆಕ್ಸಿನ ದೊರೆ ಆಲ್‌ಫ್ರೆಡ್‌ನ (871–899) ಕಾಲದಲ್ಲಿ ರೂಪುಗೊಂಡ 'ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್' ಎಂಬ ವೃತ್ತಾಂತವು ಮರ್ಸಿಯಾದ ಎರಡನೆಯ ಕೆಯೊಲ್‌ವುಲ್ಫ್‌ನನ್ನು ವೈಕಿಂಗರು ಕೂರಿಸಿದ ಅವಿವೇಕಿ ಎಂದು ತಳ್ಳಿಹಾಕುತ್ತದೆ. ಆದರೆ 2015ರಲ್ಲಿ ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್‌ಟನ್ ಬಳಿ ದೊರೆತ ನಿಧಿಯಲ್ಲಿ ಇಬ್ಬರೂ ಒಂದೇ ವಿನ್ಯಾಸದಲ್ಲಿ ಹೊರಡಿಸಿದ ಪೆನ್ನಿಗಳಿದ್ದವು. ಅವುಗಳಲ್ಲೊಂದು ಮಾದರಿಯಲ್ಲಿ ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ. ಹೀಗಾಗಿ ಇವರಿಬ್ಬರೂ ಮಿತ್ರರಾಗಿದ್ದರು, ಮುಂದೆ ಗೆದ್ದವನ ಕಡೆಯವರು ಇನ್ನೊಬ್ಬನನ್ನು ಕಡೆಗಣಿಸಿದರು ಎಂಬ ವಾದಕ್ಕೆ ಬಲ ಬಂದಿತು.

ಅದೇ ವರ್ಷ ಹೆರ್ಫರ್ಡ್‌ಶೈರಿನಲ್ಲಿ ಇನ್ನೊಂದು ನಿಧಿ ಸಿಕ್ಕಿತು. ಅದರಲ್ಲೂ ಈ ಇಬ್ಬರು ಅರಸರ ನಾಣ್ಯಗಳಿದ್ದವು. ಲೋಹಶೋಧಕ ಹಿಡಿದು ಹೊರಟಿದ್ದ ಇಬ್ಬರು, ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸದೆ, ಅದನ್ನು ಗುಟ್ಟಾಗಿ ಮಾರಲು ಯತ್ನಿಸಿದರು. 2019ರಲ್ಲಿ ಅವರಿಗೆ ಜೈಲುಶಿಕ್ಷೆಯಾಯಿತು. ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜಿಸಲಾದ ಆ ನಿಧಿಯಲ್ಲಿ ಆ ವೇಳೆಗೆ ಕೈಸೇರಿದ್ದು 30ರಷ್ಟು ಮಾತ್ರ. ಬೆಳ್ಳಿಯ ಬೆಲೆಯನ್ನು ತೂಕದಿಂದ ಅಳೆಯಬಹುದು. ಯಾವ ಮಣ್ಣಿನಲ್ಲಿ, ಯಾವ ನಾಣ್ಯಗಳ ಜೊತೆಗೆ ಇತ್ತೆಂಬ ವಿವರ ಕಳೆದುಹೋದರೆ ಆ ನಾಣ್ಯ ಹೇಳಬೇಕಿದ್ದ ಸಾಕ್ಷ್ಯ ಮತ್ತೆ ದೊರೆಯುವುದಿಲ್ಲ.