‘ಸ್ಪ್ರೇ’ ನೌಕೆಯ ದಿನಚರಿ

1895ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ಹೊರಟು 1898ರ ಜೂನ್‌ನಲ್ಲಿ ನ್ಯೂಪೋರ್ಟ್ ತಲುಪಿದ ಜೋಶುವಾ ಸ್ಲೋಕಮ್, ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗನೆಂದು ಹೆಸರಾಗಿದ್ದಾನೆ. ಸುಮಾರು 37 ಅಡಿ ಉದ್ದದ ‘ಸ್ಪ್ರೇ’ ನೌಕೆಯ ಹಾಯಿಗಳನ್ನು ಗಾಳಿಗೆ ಹೊಂದಿಸಿ, ದಿಕ್ಕು ತಿರುಗಿಸುವ ಸಾಧನವಾದ ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದರೆ ಅದು ತಾನಾಗಿಯೇ ನೇರ ಸಾಗುತ್ತಿದ್ದುದರಿಂದ, ಅಡುಗೆಗೂ ಓದಿಗೂ ನಿದ್ದೆಗೂ ಅವನಿಗೆ ಬಿಡುವು ದೊರೆಯುತ್ತಿತ್ತು. 1897ರಲ್ಲಿ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗಳನ್ನು ಕ್ರಮಿಸಿದ 23 ದಿನಗಳಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಿಲ್ಲ. ರಾತ್ರಿ ಡೆಕ್ಕಿನ ಮೇಲೆ ಬಂದು ಬಿದ್ದ ಹಾರುಮೀನುಗಳೇ ಎಷ್ಟೋ ಬಾರಿ ಬೆಳಗಿನ ಊಟವಾಗುತ್ತಿದ್ದವು. ರೇಖಾಂಶದ ಲೆಕ್ಕಕ್ಕೆ ಅಂದಿನ ನಾವಿಕರು ಬಳಸುತ್ತಿದ್ದ ಕರಾರುವಾಕ್ಕಾದ ಗಡಿಯಾರವಾದ ಕ್ರೊನೋಮೀಟರಿನ ದುರಸ್ತಿ ದುಬಾರಿಯೆಂದು ಅದನ್ನು ಬಿಟ್ಟು, ಮುಖ ಒಡೆದಿದ್ದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡಿದ್ದ ಅವನು, ಸೂರ್ಯಚಂದ್ರರ ವೀಕ್ಷಣೆಯಿಂದಲೂ ದೀರ್ಘಾನುಭವದಿಂದಲೂ ಆ ಕೊರತೆಯನ್ನು ತುಂಬಿಕೊಂಡನು.