ಅರ್ಧಕ್ಕಿಂತ ಹೆಚ್ಚು ನೀವೇ ಕಟ್ಟಬೇಕು

ಅಮೆರಿಕದ ವಿಮಾನಯಾನ ನಿಯಮಗಳಲ್ಲಿ ಒಂದು ವಿಶೇಷ ಅವಕಾಶವಿದೆ. ವಿಮಾನದ ಹೆಚ್ಚಿನ ಭಾಗವನ್ನು ಯಾರಾದರೂ ತಮ್ಮ ಕಲಿಕೆಗೋ ವಿನೋದಕ್ಕೋ ಮಾತ್ರ ಕಟ್ಟಿಕೊಂಡಿದ್ದರೆ, ಕಾರ್ಖಾನೆಯ ವಿಮಾನಗಳಿಗಿರುವ ಕಟ್ಟುನಿಟ್ಟಿನ ಪ್ರಮಾಣಪತ್ರ ಅದಕ್ಕೆ ಬೇಕಿಲ್ಲ. ಜನರ ಬಾಯಲ್ಲಿ ಇದು 'ಶೇಕಡಾ 51ರ ನಿಯಮ'. ಕಾನೂನಿನ ಒಣ ಗದ್ಯದಲ್ಲಿ 'ವಿನೋದ' ಎಂಬ ಪದ ಇಷ್ಟು ಭಾರ ಹೊತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಪದದ ಬೆನ್ನು ಹತ್ತಿದರೆ ಅಲಾಸ್ಕಕ್ಕೆ ಹೋಗಬೇಕು. ಅಲ್ಲಿನ ರಾಜಧಾನಿ ಜೂನೋಗೇ ಹೊರಗಿನಿಂದ ರಸ್ತೆಯಿಲ್ಲ. ಇಂಥ ಕಡೆ ನದಿಯ ಜಲ್ಲಿದಿಬ್ಬದ ಮೇಲೂ ಇಳಿಯಬಲ್ಲ 'ಬುಷ್ ಪ್ಲೇನ್' ಶೋಕಿಯಲ್ಲ, ಎತ್ತಿನಗಾಡಿ. 1949ರಲ್ಲಿ ಬಂದ ಪೈಪರ್ ಸೂಪರ್ ಕಬ್ ಇವುಗಳ ಪೈಕಿ ಮನೆಮಾತು: ಉಕ್ಕಿನ ಕೊಳವೆಯ ಮೈ, ಮೇಲೆ ಬಟ್ಟೆ, ಕೆಳಗೆ ದಪ್ಪ ಟೈರು.

ಆಮೇಲೆ ಕಾರ್ಖಾನೆಗಳೇ ಸೊರಗಿದವು. 1978ರಲ್ಲಿ ಅಮೆರಿಕ 17 ಸಾವಿರಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ತಯಾರಿಸಿತ್ತು. 1994ರ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗಿಳಿದಿತ್ತು. ಆರ್ಥಿಕ ಹಿಂಜರಿತವೂ ಇತ್ತು, ಆದರೆ ತಯಾರಕರು ಬೊಟ್ಟುಮಾಡಿದ್ದು ಮೊಕದ್ದಮೆಗಳತ್ತ. ದಶಕಗಳ ಹಿಂದೆ ಮಾರಿದ ವಿಮಾನ ಬಿದ್ದರೂ ಹೊಣೆ ಅವರದೇ. 1986ರಲ್ಲಿ ಸೆಸ್ನಾ ಒಂಟಿ ಎಂಜಿನ್ನಿನ ಪಿಸ್ಟನ್ ವಿಮಾನಗಳನ್ನೇ ನಿಲ್ಲಿಸಿತು. ಹೊಣೆಯನ್ನು 18 ವರ್ಷಕ್ಕೆ ಮಿತಿಗೊಳಿಸುವ ಕಾನೂನು ಬಂದದ್ದು 1994ರಲ್ಲಿ.

ಈ ಖಾಲಿ ಜಾಗಕ್ಕೆ ಬಂದದ್ದು ಪೆಟ್ಟಿಗೆಯಲ್ಲಿ ಸಿಗುವ ವಿಮಾನ. 1983ರಲ್ಲಿ ಡೀನ್ ವಿಲ್ಸನ್ನರ ಏವಿಡ್ ಫ್ಲೈಯರ್, ಮರುವರ್ಷ ಅದರದೇ ವಂಶದ, ಡ್ಯಾನ್ ಡೆನ್ನಿಯವರ ಕಿಟ್‌ಫಾಕ್ಸ್; ಎರಡೂ ಇಡಾಹೊದವು. ಇಬ್ಬರು ಕೂರುವ ಇವುಗಳ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ, ಕಾರಿಗೆ ಕಟ್ಟಿ ಮನೆಗೆ ಎಳೆದೊಯ್ಯಬಹುದು. ಎಂಜಿನ್ ಆಸ್ಟ್ರಿಯಾದ ರೋಟ್ಯಾಕ್ಸ್, ಹಿಮದ ಮೇಲೆ ಓಡುವ ಬಂಡಿಗಳಿಗೂ ಎಂಜಿನ್ ಕೊಡುವ ಕಂಪನಿಯದು. ಬೆಸುಗೆ ಹಾಕಿದ ಹಂದರ ಕಾರ್ಖಾನೆಯಿಂದ ಬರುತ್ತದೆ, ಉಳಿದದ್ದು ನಿಮ್ಮ ಪಾಲು. ನನಗೆ ಅಚ್ಚುಮೆಚ್ಚಿನ ವಿವರ ಬಟ್ಟೆಯದು: ಹಂದರಕ್ಕೆ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ, ಮನೆಯ ಇಸ್ತ್ರಿಪೆಟ್ಟಿಗೆಯನ್ನೇ ತಕ್ಕ ಶಾಖಕ್ಕೆ ಹೊಂದಿಸಿ ಮೇಲೆ ಆಡಿಸಿದರೆ ಅದು ಕುಗ್ಗಿ, ತಮಟೆಯ ಚರ್ಮದಂತೆ ಬಿಗಿಯುತ್ತದೆ. ಶಾಖ ಮಿತಿಮೀರಿದರೆ ಬಿಗಿತವೇ ಹೋಗುತ್ತದೆ.

ಇದನ್ನು ಹವ್ಯಾಸಿಗಳ ಕಥೆಯೆಂದಷ್ಟೇ ಓದುವುದು ಸಾಲದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕೈಬದಲಾದದ್ದು ಬರೀ ಕೆಲಸವಲ್ಲ, ಹೊಣೆ. ಇಂಥ ವಿಮಾನದ ಗುರುತಿನ ಫಲಕದಲ್ಲಿ 'ತಯಾರಕ' ಎಂದು ಕಟ್ಟಿದವರ ಹೆಸರೇ ಇರುತ್ತದೆ. ಅದಕ್ಕೆ ಪ್ರತಿಫಲವೂ ಉಂಟು: ಕಟ್ಟಿದವರು ತಮ್ಮ ವಿಮಾನದ ವಾರ್ಷಿಕ ತಪಾಸಣೆಯನ್ನು ತಾವೇ ಮಾಡುವ ಪರವಾನಗಿ ಪಡೆಯಬಹುದು. ಆದರೆ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವಂತಿಲ್ಲ. ಹಾಗಾಗಿ ಅಲಾಸ್ಕದ ಎತ್ತಿನಗಾಡಿ ಇಲ್ಲಿ ಸ್ವಂತ ಸವಾರಿಯಷ್ಟೇ ಆಯಿತು. 'ವಿನೋದ' ಎಂಬ ಪದ ಕೊಟ್ಟದ್ದು ಇದನ್ನು, ಕಿತ್ತುಕೊಂಡದ್ದು ಅದನ್ನು.

ಒಳಗೆ ಕೂತವರ ಕಣ್ಣಿಗೆ ಬೀಳುವಂತೆ ಒಂದು ಎಚ್ಚರಿಕೆಯ ಪಟ್ಟಿಯನ್ನೂ ಅಂಟಿಸಬೇಕು: ಇದು ಹವ್ಯಾಸಿ ಕಟ್ಟಿದ್ದು, ಕಾರ್ಖಾನೆಯ ವಿಮಾನದ ಸುರಕ್ಷತಾ ನಿಯಮಗಳಿಗೆ ಒಳಪಟ್ಟದ್ದಲ್ಲ ಎಂದು. ಅದನ್ನು ಓದುವ ಪ್ರಯಾಣಿಕರು ಹತ್ತುವುದಕ್ಕೆ ಮುಂಚೆ ಸಾಮಾನ್ಯವಾಗಿ 25ರಿಂದ 40 ಗಂಟೆಗಳ ಪರೀಕ್ಷಾ ಹಾರಾಟ ಮುಗಿದಿರಬೇಕು.